ಒಗ್ಗರಣೆಯ ಘಮ, ಕಾಡಿನ ಗೆಣಸು: ಆಹಾರಕೇಂದ್ರಿತ ಕೌಟುಂಬಿಕ ಹಾಸ್ಯಚಿತ್ರವೊಂದರ ವಿಮರ್ಶೆ ಮತ್ತು ಕಾಕನಕೋಟೆ ಸೀಮೆ

ಪ್ರವೇಶ

ಕನ್ನಡ ಚಲನಚಿತ್ರ ವಿಮರ್ಶೆಯಲ್ಲಿ ಕೌಟುಂಬಿಕ ಹಾಸ್ಯಚಿತ್ರಗಳಿಗೆ ದೊರೆತಿರುವ ಸ್ಥಾನ ವಿಚಿತ್ರವಾದುದು. ಪ್ರೇಕ್ಷಕರು ಅವನ್ನು ಮತ್ತೆ ಮತ್ತೆ ನೋಡುತ್ತಾರೆ. ವಿಮರ್ಶಕರು ಮೆಚ್ಚಿ ಎರಡು ಮಾತು ಹೇಳಿ ಮುಂದೆ ಸಾಗುತ್ತಾರೆ. ‘ಲಘು’, ‘ಹಿತಕರ’, ‘ಮನೆಮಂದಿಯೆಲ್ಲ ಕೂತು ನೋಡಬಹುದಾದ’ ಎಂಬ ವಿಶೇಷಣಗಳು ಇಂಥ ಚಿತ್ರಗಳ ಪಾಲಿಗೆ ಪ್ರಶಂಸೆಯೂ ಹೌದು, ಚರ್ಚೆಗೆ ಹಾಕಿದ ಬೀಗವೂ ಹೌದು. ಅದರಲ್ಲಿಯೂ ಊಟ ತಿಂಡಿಯನ್ನೇ ಕಥೆಯ ಕೇಂದ್ರವಾಗಿಸಿಕೊಂಡ ಚಿತ್ರ ಬಂದಾಗ ವಿಮರ್ಶೆ ಅಡುಗೆಮನೆಯ ಪರಿಭಾಷೆಯನ್ನೇ ಎರವಲು ಪಡೆಯುತ್ತದೆ. ಚಿತ್ರ ‘ರುಚಿಕಟ್ಟಾಗಿದೆ’, ‘ಹದವಾಗಿದೆ’, ‘ಉಪ್ಪು ಕಡಿಮೆಯಾಗಿದೆ’ ಎಂಬ ಮಾತುಗಳಲ್ಲಿ ತೀರ್ಮಾನ ಮುಗಿದುಹೋಗುತ್ತದೆ. ಯಾರ ಅಡುಗೆ, ಯಾವ ಧಾನ್ಯ, ಯಾರು ಬಡಿಸಿದರು, ಪಂಕ್ತಿಯಲ್ಲಿ ಯಾರು ಕೂತಿದ್ದಾರೆ ಎಂಬ ಪ್ರಶ್ನೆಗಳು ಅಲ್ಲಿ ಏಳುವುದು ಅಪರೂಪ.

ಪ್ರಸ್ತುತ ಲೇಖನವು 2014ರಲ್ಲಿ ತೆರೆಕಂಡ, ಪ್ರಕಾಶ್ ರೈ ನಿರ್ದೇಶನದ ‘ಒಗ್ಗರಣೆ’ ಚಿತ್ರವನ್ನೂ ಅದನ್ನು ವಿಮರ್ಶೆ ಬರಮಾಡಿಕೊಂಡ ಬಗೆಯನ್ನೂ ಈ ಪ್ರಶ್ನೆಗಳ ಹಿನ್ನೆಲೆಯಲ್ಲಿ ಪರಿಶೀಲಿಸುತ್ತದೆ. ಚಿತ್ರದಲ್ಲಿ ಪ್ರೀತಿ ಮತ್ತು ಅಡುಗೆಯ ಕಥೆಯ ಜೊತೆಗೆ ಆದಿವಾಸಿ ಹಿರಿಯನೊಬ್ಬನ ಎಳೆಯೊಂದು ಇದೆ. ವಿಮರ್ಶೆಯು ಮೊದಲನೆಯದನ್ನು ಆದರಿಸಿ ಎರಡನೆಯದನ್ನು ಅನಗತ್ಯ ಸೇರ್ಪಡೆ ಎಂದು ಬದಿಗಿಟ್ಟಿತು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನು ಒಳಗೊಂಡ ಕಾಕನಕೋಟೆ ಸೀಮೆಯ ಸಾಹಿತ್ಯ ಮತ್ತು ಆಹಾರಚರಿತ್ರೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ, ಬದಿಗಿಟ್ಟ ಆ ಎಳೆಯೇ ಚಿತ್ರದ ನಿಜವಾದ ಪರೀಕ್ಷೆ ಎಂಬುದು ಈ ಲೇಖನದ ಪ್ರತಿಪಾದನೆ.

1. ಚಿತ್ರ ಮತ್ತು ಅದರ ಹಿನ್ನೆಲೆ

‘ಒಗ್ಗರಣೆ’ಯ ಮೂಲ 2011ರಲ್ಲಿ ಆಶಿಕ್ ಅಬು ನಿರ್ದೇಶಿಸಿದ ಮಲಯಾಳಂ ಚಿತ್ರ ‘ಸಾಲ್ಟ್ ಅಂಡ್ ಪೆಪ್ಪರ್’. ಶ್ಯಾಮ್ ಪುಷ್ಕರನ್ ಮತ್ತು ದಿಲೀಶ್ ನಾಯರ್ ಅದರ ಚಿತ್ರಕಥೆ ರಚಿಸಿದ್ದರು. ಇದೇ ಕಥೆಯನ್ನು ಪ್ರಕಾಶ್ ರೈ ಅವರು ಕನ್ನಡ, ತೆಲುಗು ಮತ್ತು ತಮಿಳು ಭಾಷೆಗಳಲ್ಲಿ ಏಕಕಾಲಕ್ಕೆ ನಿರ್ಮಿಸಿ 2014ರ ಜೂನ್ ತಿಂಗಳಿನಲ್ಲಿ ಬಿಡುಗಡೆ ಮಾಡಿದರು. ಮೂರಕ್ಕೂ ಇಳಯರಾಜಾ ಅವರ ಸಂಗೀತ. ನಾಯಕನ ಪಾತ್ರವನ್ನು ನಿರ್ದೇಶಕರೇ ವಹಿಸಿದರು. ನಾಯಕಿಯಾಗಿ ಸ್ನೇಹಾ ಅಭಿನಯಿಸಿದರು. ಕನ್ನಡ ಆವೃತ್ತಿಯಲ್ಲಿ ತೇಜಸ್, ಸಂಯುಕ್ತಾ ಹೊರನಾಡು, ಅಚ್ಯುತ್ ಕುಮಾರ್, ಮಂಡ್ಯ ರಮೇಶ್ ಮೊದಲಾದವರಿದ್ದರು. ಕನ್ನಡದಲ್ಲಿ ಡಬ್ಬಿಂಗ್ ಚಿತ್ರಗಳಿಗೆ ಆಗ ಅಘೋಷಿತ ತಡೆ ಇದ್ದುದರಿಂದ ಪರಭಾಷೆಯ ಕಥೆಯೊಂದು ಕನ್ನಡಿಗರನ್ನು ತಲುಪಲು ಮರುನಿರ್ಮಾಣವೇ ಹಾದಿಯಾಗಿತ್ತು. ಇಲ್ಲಿಯ ಪೋಷಕ ಪಾತ್ರಗಳಿಗೆ ಕನ್ನಡ ರಂಗಭೂಮಿಯ ಹಿನ್ನೆಲೆಯ ಕಲಾವಿದರನ್ನು ಆರಿಸಿಕೊಂಡದ್ದು ಚಿತ್ರಕ್ಕೆ ಸ್ಥಳೀಯ ನುಡಿಗಟ್ಟನ್ನು ತಂದುಕೊಟ್ಟಿತು.

ಕಥೆ ಸರಳವಾದುದು. ಮದುವೆಯ ವಯಸ್ಸು ಮೀರಿದ, ತಿಂಡಿಪ್ರಿಯನಾದ ಪುರಾತತ್ತ್ವಜ್ಞನೊಬ್ಬ. ಅಂಥದೇ ವಯಸ್ಸಿನ, ಚಲನಚಿತ್ರಗಳಿಗೆ ಕಂಠದಾನ ಮಾಡುವ ಹೆಣ್ಣೊಬ್ಬಳು. ದೋಸೆಗೆಂದು ಆಕೆ ಮಾಡಿದ ಫೋನ್ ಕರೆ ತಪ್ಪಿ ಇವನಿಗೆ ಹೋಗುತ್ತದೆ. ಜಗಳದಿಂದ ಮೊದಲಾದ ಮಾತು ಅಡುಗೆಯ ಮಾತಾಗಿ, ಅಡುಗೆಯ ಮಾತು ಸ್ನೇಹವಾಗಿ ಬೆಳೆಯುತ್ತದೆ. ತಮ್ಮ ವಯಸ್ಸು, ರೂಪಗಳ ಬಗ್ಗೆ ಅಳುಕುಳ್ಳ ಇಬ್ಬರೂ ಮೊದಲ ಭೇಟಿಗೆ ತಮ್ಮ ಬದಲು ಎಳೆಯರಿಬ್ಬರನ್ನು ಕಳುಹಿಸುತ್ತಾರೆ. ಅಲ್ಲಿಂದ ಗೊಂದಲದ ಹಾಸ್ಯ ಹುಟ್ಟುತ್ತದೆ. ಹೆಣ್ಣು ನೋಡಲು ಹೋದ ನಾಯಕ ಹೆಣ್ಣನ್ನು ಬಿಟ್ಟು ಆ ಮನೆಯ ಅಡುಗೆಯವನನ್ನು ಕರೆದುಕೊಂಡು ಬರುವ ಪ್ರಸಂಗವಂತೂ ಕಥೆಯ ಸ್ವಭಾವವನ್ನೇ ಹೇಳುತ್ತದೆ. ಇಲ್ಲಿ ಕುಟುಂಬವೆಂದರೆ ರಕ್ತಸಂಬಂಧಕ್ಕಿಂತ ಹೆಚ್ಚಾಗಿ ಒಂದೇ ಒಲೆಯ ಸುತ್ತ ಸೇರಿದವರ ಬಳಗ: ಅಡುಗೆಯವನು, ಬಂಧು, ಸ್ನೇಹಿತ, ಜೊತೆಯ ವಾಸದವರು. ಈ ಬಳಗಕ್ಕೆ ಕಾಡಿನಿಂದ ಬಂದ ಆದಿವಾಸಿ ಹಿರಿಯನೊಬ್ಬನೂ ಸೇರುತ್ತಾನೆ. ನಾಯಕ ಅವನನ್ನು ಮನೆಗೆ ಕರೆತಂದು ಇರಿಸಿಕೊಳ್ಳುತ್ತಾನೆ.

ಚಿತ್ರಗಳ ಶೀರ್ಷಿಕೆಗಳೂ ಗಮನಾರ್ಹ. ಮಲಯಾಳಂ ಮೂಲವು ಎಲ್ಲ ಮೇಜಿನ ಮೇಲೂ ಇರುವ ಉಪ್ಪು ಮತ್ತು ಮೆಣಸಿನ ಜೋಡಿಯನ್ನು ಹೆಸರಿಸಿತು. ತಮಿಳು ಆವೃತ್ತಿ ‘ಉನ್ ಸಮಯಲ್ ಅರೈಯಿಲ್’, ಅಂದರೆ ‘ನಿನ್ನ ಅಡುಗೆಮನೆಯಲ್ಲಿ’. ತೆಲುಗಿನ ‘ಉಲವಚಾರು ಬಿರಿಯಾನಿ’ ಹುರುಳಿಯ ಕಟ್ಟನ್ನು ಬಿರಿಯಾನಿಯೊಡನೆ ಸೇರಿಸಿತು. ಉಲವಚಾರು ನಮ್ಮ ಹುರುಳಿಕಟ್ಟಿನ ಸಾರಿನ ನಂಟು. ದನಕ್ಕೂ ಕುದುರೆಗೂ ಬೇಯಿಸಿ ಹಾಕುತ್ತಿದ್ದ ಕಾಳಿನ ಕಟ್ಟು ಉಳುವವರ ಮನೆಯಲ್ಲಿ ಮುದ್ದೆಗೆ ಸಾರಾಗುತ್ತದೆ. ಕನ್ನಡದ ಶೀರ್ಷಿಕೆ ಮಾತ್ರ ಪದಾರ್ಥವನ್ನು ಬಿಟ್ಟು ಕ್ರಿಯೆಯೊಂದನ್ನು ಆರಿಸಿಕೊಂಡಿತು. ಒಗ್ಗರಣೆಯು ಅಡುಗೆ ಮುಗಿಯುವ ಹೊತ್ತಿಗೆ ಬೀಳುವ ಎಣ್ಣೆ, ಸಾಸಿವೆ, ಕರಿಬೇವು. ಅದರ ಸದ್ದೂ ಘಮವೂ ಮೊದಲು ಬೀದಿಗೆ ತಲುಪುತ್ತವೆ. ಇನ್ನೊಬ್ಬರ ಮಾತಿನ ನಡುವೆ ತನ್ನದೂ ಒಂದು ಮಾತು ಸೇರಿಸುವುದನ್ನು ‘ಒಗ್ಗರಣೆ ಹಾಕುವುದು’ ಎನ್ನುವ ರೂಢಿಯೂ ನಮ್ಮಲ್ಲಿದೆ. ಈ ಎರಡನೆಯ ಅರ್ಥ ಚಿತ್ರದ ವಿಮರ್ಶೆಯನ್ನು ಅರಿಯಲು ನೆರವಾಗುತ್ತದೆ.

2. ವಿಮರ್ಶೆಯ ಸ್ವರೂಪ

ಚಿತ್ರ ಬಿಡುಗಡೆಯಾದ ಸಂದರ್ಭದ ಪತ್ರಿಕಾ ವಿಮರ್ಶೆಗಳನ್ನು ಒಟ್ಟಾಗಿ ಗಮನಿಸಿದರೆ ಅವುಗಳಲ್ಲಿ ಮೂರು ಧೋರಣೆಗಳು ಕಾಣಿಸುತ್ತವೆ.

ಮೊದಲನೆಯದು ಮೆಚ್ಚುಗೆ. ನಡುವಯಸ್ಸಿನ ಇಬ್ಬರ ಪ್ರೀತಿಯನ್ನು ಅಬ್ಬರವಿಲ್ಲದೆ ತೋರಿಸಿದ್ದು, ನಾಯಕ ನಾಯಕಿಯರ ಸಂಯಮದ ಅಭಿನಯ, ತಿಂಡಿತಿನಿಸುಗಳ ಆಪ್ತ ಚಿತ್ರೀಕರಣ, ಇಳಯರಾಜಾ ಅವರ ಸಂಗೀತ ಇವು ಸಾಮಾನ್ಯವಾಗಿ ಪ್ರಶಂಸೆಗೆ ಪಾತ್ರವಾದವು. ಜಯಂತ ಕಾಯ್ಕಿಣಿ ರಚಿಸಿದ, ತಿನ್ನುವ ಸುಖವನ್ನು ಬದುಕಿನ ಸುಖದೊಡನೆ ಸಮೀಕರಿಸುವ ಗೀತೆ ಜನಪ್ರಿಯವಾಯಿತು. ನಾಯಕನ ವೀರತ್ವದ ಸುತ್ತ ತಿರುಗುವ ಚಿತ್ರಗಳ ನಡುವೆ, ಹೊಡೆದಾಟದ ಬದಲು ಅಡುಗೆ ಮಾಡುವ ನಾಯಕ ದೊರೆತದ್ದನ್ನು ವಿಮರ್ಶೆ ಸಂತೋಷದಿಂದಲೇ ಕಂಡಿತು.

ಎರಡನೆಯದು ಮರುನಿರ್ಮಾಣದ ಪ್ರಶ್ನೆ. ಪ್ರಕಾಶ್ ರೈ ಅವರು ಮೊದಲು ನಿರ್ದೇಶಿಸಿದ ‘ನಾನು ನನ್ನ ಕನಸು’ (2010) ತಮಿಳಿನ ‘ಅಭಿಯುಂ ನಾನುಂ’ ಚಿತ್ರದ ಮರುನಿರ್ಮಾಣ. ಮುಂದೆ ಬಂದ ‘ಇದೊಳ್ಳೆ ರಾಮಾಯಣ’ (2016) ಮಲಯಾಳಂನ ‘ಷಟರ್’ ಚಿತ್ರದ ರೂಪಾಂತರ. ಆದ್ದರಿಂದ ಮೂಲದೊಡನೆ ಹೋಲಿಕೆ ಅನಿವಾರ್ಯವಾಯಿತು. ಮೂಲದಲ್ಲಿ ಪದರ ಪದರವಾದ ಕೇಕನ್ನು ಫೋನಿನಲ್ಲಿ ಹೇಳಿಕೊಟ್ಟು ಮಾಡಿಸುವ ದೃಶ್ಯ ಪ್ರಸಿದ್ಧವಾಗಿತ್ತು. ಅಂಥ ದೃಶ್ಯಗಳ ತೂಕ ಮರುನಿರ್ಮಾಣದಲ್ಲಿ ಉಳಿದಿದೆಯೇ ಎಂಬುದರ ಸುತ್ತ ಹೋಲಿಕೆ ನಡೆಯಿತು. ಈ ಚರ್ಚೆಯು ನಿಷ್ಠೆಯ ಅಳತೆಗೋಲನ್ನು ಮಾತ್ರ ಬಳಸಿತು. ಕೇರಳದ ಕಥೆ ಕರ್ನಾಟಕಕ್ಕೆ ಬಂದಾಗ ಅದು ನಿಲ್ಲುವ ನೆಲ ಯಾವುದು, ಆ ನೆಲದ ಆಹಾರ ಯಾವುದು ಎಂಬ ವಿಚಾರ ಹಿಂದುಳಿಯಿತು.

ಮೂರನೆಯದು ಆದಿವಾಸಿ ಹಿರಿಯನ ಎಳೆಯ ಬಗೆಗಿನ ಅಸಮಾಧಾನ. ಮೂರೂ ಭಾಷೆಗಳ ಆವೃತ್ತಿಗಳ ಬಗ್ಗೆ ಬಂದ ಬರಹಗಳಲ್ಲಿ ಈ ಆಕ್ಷೇಪ ಸಮಾನವಾಗಿದೆ: ಪ್ರೇಮಕಥೆಯ ಓಟಕ್ಕೆ ಇದು ತೊಡಕು, ಮುಖ್ಯ ಕಥೆಗೆ ಹೊಂದದು, ಬಿಟ್ಟಿದ್ದರೂ ನಷ್ಟವಿರಲಿಲ್ಲ. ಅಂದರೆ, ‘ಒಗ್ಗರಣೆ’ ಎಂಬ ಚಿತ್ರದಲ್ಲಿ ಈ ಎಳೆಯೇ ನಡುವೆ ಬಂದು ಬಿದ್ದ ಬೇಡದ ಒಗ್ಗರಣೆ ಎಂಬ ಭಾವನೆ. ರಚನೆಯ ದೃಷ್ಟಿಯಿಂದ ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಎಳೆ ಏಕೆ ಸಡಿಲವಾಯಿತು ಎಂಬುದನ್ನು ವಿವರಿಸದೆ, ಹಾಸ್ಯಚಿತ್ರಕ್ಕೆ ಇಂಥ ವಸ್ತು ಹೊರೆ ಎಂಬ ಗ್ರಹಿಕೆಗೆ ಆಕ್ಷೇಪ ಒರಗಿಕೊಂಡಿತು. ಚರ್ಚಿಸಬೇಕಾದ ಸ್ಥಳ ಇದು.

3. ಊಟ ಮತ್ತು ಹಾಸ್ಯ: ಪರಂಪರೆಯ ನೋಟ

ಊಟಕ್ಕೂ ಕಲಾನುಭವಕ್ಕೂ ನಮ್ಮ ಮೀಮಾಂಸೆಯಲ್ಲಿ ಹಳೆಯ ನಂಟಿದೆ. ‘ನಾಟ್ಯಶಾಸ್ತ್ರ’ದ ಆರನೆಯ ಅಧ್ಯಾಯದಲ್ಲಿ ಭರತನು ರಸವನ್ನು ವಿವರಿಸಲು ಆಯ್ದುಕೊಂಡ ಉಪಮಾನವೇ ಭೋಜನ. ನಾನಾ ವ್ಯಂಜನ, ದ್ರವ್ಯಗಳಿಂದ ಸಂಸ್ಕರಿಸಿದ ಅನ್ನವನ್ನುಣ್ಣುವವರು ರುಚಿಯನ್ನು ಆಸ್ವಾದಿಸುವಂತೆ, ಅಭಿನಯದಿಂದ ವ್ಯಕ್ತವಾದ ಭಾವಗಳನ್ನು ಪ್ರೇಕ್ಷಕರು ಆಸ್ವಾದಿಸುತ್ತಾರೆ ಎಂದು ಅವನು ಹೇಳುತ್ತಾನೆ. ಚಲನಚಿತ್ರ ವಿಮರ್ಶೆಯಲ್ಲಿ ಬರುವ ರುಚಿಯ ಪರಿಭಾಷೆ ಈ ಪರಂಪರೆಯ ದೂರದ ಪ್ರತಿಧ್ವನಿ. ಭರತನ ಉಪಮೆಯಲ್ಲಿ ದ್ರವ್ಯಗಳಿಗೂ ಅವುಗಳ ಸಂಯೋಗಕ್ಕೂ ಮಹತ್ವವಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ರುಚಿಯನ್ನು ಮಾತ್ರ ಹೇಳಿ ದ್ರವ್ಯವನ್ನು ಮರೆಯುವ ವಿಮರ್ಶೆ ಉಪಮೆಯ ಅರ್ಧವನ್ನು ಕೈಬಿಟ್ಟಂತೆ.

ನಾಟಕ ಪರಂಪರೆಯಲ್ಲಿ ಊಟದ ಹಾಸ್ಯವು ಹೆಚ್ಚಾಗಿ ಉಪಪಾತ್ರಗಳ ಪಾಲು. ಸಂಸ್ಕೃತ ನಾಟಕಗಳ ವಿದೂಷಕ ಮೋದಕಪ್ರಿಯ. ರಾಜನಿಗೆ ಪ್ರೇಮದ ಚಿಂತೆಯಾದರೆ ಅವನಿಗೆ ಭೋಜನದ ಚಿಂತೆ. ಯಕ್ಷಗಾನ ಮತ್ತು ಬಯಲಾಟಗಳಲ್ಲಿ ಬಕಾಸುರನಿಗೆ ಒಯ್ಯುವ ಬಂಡಿ ಅನ್ನವನ್ನು ಭೀಮ ತಾನೇ ಉಂಡು ಮುಗಿಸುವ ಪ್ರಸಂಗ ನಗೆಯ ಕಣಜ. ಅದೇ ಭೀಮ ವಿರಾಟನ ಅರಮನೆಯಲ್ಲಿ ವಲಲನೆಂಬ ಹೆಸರಿನ ಅಡುಗೆಯವನು. ಇಲ್ಲೆಲ್ಲ ಹಸಿವು ಹಾಸ್ಯಕ್ಕೆ, ಪ್ರೇಮ ಶೃಂಗಾರಕ್ಕೆ ಎಂಬ ವಿಭಜನೆಯಿದೆ. ‘ಒಗ್ಗರಣೆ’ಯ ಕಥೆ ಈ ವಿಭಜನೆಯನ್ನು ಮುರಿಯುತ್ತದೆ. ವಿದೂಷಕನ ತಿಂಡಿಪ್ರೀತಿ ಇಲ್ಲಿ ನಾಯಕನಿಗೇ ಬಂದಿದೆ, ನಾಯಕಿಗೂ ಬಂದಿದೆ. ಹಸಿವೇ ಶೃಂಗಾರದ ವಿಭಾವವಾಗಿದೆ. ಮಧ್ಯಮ ವರ್ಗದ ಹೆಣ್ಣೊಬ್ಬಳು ತನ್ನ ನಾಲಗೆಯ ಆಸೆಯನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುವುದು, ತನಗಾಗಿ ಅಡುಗೆ ಮಾಡಿಕೊಳ್ಳುವುದು ಕೌಟುಂಬಿಕ ಚಿತ್ರಗಳಲ್ಲಿ ವಿರಳ. ಬಡಿಸುವವಳಾಗಿ ಮಾತ್ರ ಕಾಣಿಸಿಕೊಳ್ಳುತ್ತಿದ್ದ ಹೆಣ್ಣು ಉಣ್ಣುವವಳಾಗಿ ಕಾಣಿಸಿಕೊಂಡದ್ದು ಈ ಚಿತ್ರದ ದೊಡ್ಡ ಗುಣ. ‘ಹಿತಕರ’ ಎಂಬ ವಿಶೇಷಣದ ಅಡಿಯಲ್ಲಿ ಈ ಸಂಗತಿಯೂ ಮರೆಯಾಯಿತು.

4. ಸೀಮೆಯ ಎರಡು ಪಾಕಗಳು

ಆಹಾರದ ಹಾಸ್ಯವನ್ನು ನೆಲದೊಡನೆ ಇಟ್ಟು ಓದಬೇಕೆಂದಾಗ ಕಾಕನಕೋಟೆ ಸೀಮೆಯನ್ನು ಆಯ್ದುಕೊಳ್ಳಲು ಕಾರಣಗಳಿವೆ. ಕಾಡಿನವನನ್ನು ಮನೆಗೆ ಕರೆತರುವ ಕಥೆ ಮೈಸೂರು ಸೀಮೆಯ ಪ್ರೇಕ್ಷಕನಿಗೆ ಮೊದಲು ನೆನಪಿಸುವುದು ಮೈಸೂರಿನ ನೈರುತ್ಯಕ್ಕಿರುವ ಈ ಕಾಡನ್ನೇ. ಅಲ್ಲದೆ, ಕನ್ನಡದ ಪಾಕಸಾಹಿತ್ಯದ ಪ್ರಮುಖ ಕೃತಿಯೊಂದರ ಕರ್ತೃವಿನ ಊರೂ ಈ ಸೀಮೆಯಲ್ಲಿಯೇ ಇದೆ. ಕ್ರಿ.ಶ. 1508ರ ಸುಮಾರಿನ ಮೂರನೆಯ ಮಂಗರಸನು ಹುಣಸೂರು ಬಳಿಯ ಕಲ್ಲಹಳ್ಳಿಯ ಪ್ರಭು. ಚೆಂಗಾಳ್ವ ಅರಸರ ಆಶ್ರಯಕ್ಕೆ ಸೇರಿದ ಮನೆತನದವನು. ‘ಜಯನೃಪಕಾವ್ಯ’, ‘ನೇಮಿಜಿನೇಶಸಂಗತಿ’, ‘ಸಮ್ಯಕ್ತ್ವಕೌಮುದಿ’ಗಳನ್ನು ಬರೆದ ಈ ಜೈನಕವಿಯೇ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದನು. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು, ತರಕಾರಿಯ ಪಾಕಗಳು ಅಲ್ಲಿ ಪದ್ಯವಾಗಿವೆ. ಧರ್ಮಕಥೆಗೆ ಬಳಸುವ ಛಂದಸ್ಸನ್ನೇ ಬದನೆಕಾಯಿಗೂ ಹೋಳಿಗೆಗೂ ಬಳಸಿದ ಕವಿಯ ಮನೋಧರ್ಮದಲ್ಲಿ, ಊಟವೂ ಗಂಭೀರ ಆಸಕ್ತಿಗೆ ಅರ್ಹ ಎಂಬ ನಂಬಿಕೆ ಇದೆ. ಆದರೆ ಅದು ಪ್ರಭುವಿನ ಮನೆಯ ಪಾಕ. ತುಪ್ಪ, ಸಕ್ಕರೆ, ಬೆಲೆಬಾಳುವ ಸುಗಂಧದ್ರವ್ಯಗಳುಳ್ಳ ಒಲೆ ಅದು. ಕಲ್ಲಹಳ್ಳಿಯಿಂದ ಅನತಿ ದೂರದಲ್ಲಿ ಮೊದಲಾಗುವ ಕಾಡಿನ ಆಹಾರ ಅದರ ವ್ಯಾಪ್ತಿಗೆ ಬರುವುದಿಲ್ಲ.

ಇದೇ ನೆಲದ ಇನ್ನೊಂದು ವಾಸ್ತವ ಭತ್ತ ಮತ್ತು ರಾಗಿಯದು. ಕಾವೇರಿಯ ನಾಲೆಗಳು ಹರಿಯುವ ಕೃಷ್ಣರಾಜನಗರ ಭತ್ತದ ಸೀಮೆ. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ, ಹುರುಳಿ, ಅವರೆ. ಹುಣಸೂರು ಮತ್ತು ಪಿರಿಯಾಪಟ್ಟಣಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಹೊಗೆಸೊಪ್ಪು ಹೊಲವನ್ನು ಆಕ್ರಮಿಸಿತು. ಅನ್ನ ಉಣ್ಣುವ ಮನೆ, ಮುದ್ದೆ ಉಣ್ಣುವ ಮನೆ ಎಂಬ ವ್ಯತ್ಯಾಸ ಇಲ್ಲಿ ನಾಲೆಯ ಏರಿಯ ಎರಡು ಬದಿಗಳಲ್ಲಿಯೇ ಕಾಣಿಸುತ್ತಿತ್ತು. ಈ ವ್ಯತ್ಯಾಸವನ್ನು ಕಾವ್ಯವಾಗಿಸಿದವನು ಕನಕದಾಸ. ಹದಿನಾರನೆಯ ಶತಮಾನದ ‘ರಾಮಧಾನ್ಯ ಚರಿತೆ’ಯಲ್ಲಿ ಲಂಕೆಯಿಂದ ಮರಳುವ ರಾಮನಿಗೆ ಆಶ್ರಮದಲ್ಲಿ ನಾನಾ ಧಾನ್ಯಗಳ ಭಕ್ಷ್ಯಗಳನ್ನು ಬಡಿಸುತ್ತಾರೆ. ಧಾನ್ಯಗಳಲ್ಲಿ ಶ್ರೇಷ್ಠ ಯಾವುದೆಂಬ ಪ್ರಶ್ನೆ ಹುಟ್ಟಿ, ಭತ್ತವಾದ ವ್ರೀಹಿಗೂ ರಾಗಿಯಾದ ನರೆದಲೆಗನಿಗೂ ವಾಗ್ವಾದವಾಗುತ್ತದೆ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಲಾಗಿ, ಭತ್ತ ಕಂಗೆಡುತ್ತದೆ, ರಾಗಿ ಉಳಿಯುತ್ತದೆ. ರಾಮ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ.

ಈ ಕೃತಿಯ ವಿಮರ್ಶಾಚರಿತ್ರೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ‘ಮೋಹನತರಂಗಿಣಿ’, ‘ನಳಚರಿತ್ರೆ’ಗಳ ಪಕ್ಕದಲ್ಲಿ ಇದನ್ನು ಚಿಕ್ಕ ವಿನೋದಕಾವ್ಯವೆಂದು ಎಣಿಸುವ ವಾಡಿಕೆ ಇತ್ತು. ದಲಿತ ಮತ್ತು ಬಂಡಾಯ ಚಳವಳಿಗಳ ನಂತರದ ಓದಿನಲ್ಲಿ ಅದೇ ಕಾವ್ಯ ದುಡಿಯುವವರ ಧಾನ್ಯಕ್ಕೂ ಉಳ್ಳವರ ಧಾನ್ಯಕ್ಕೂ ನಡೆದ ವಾದವಾಗಿ, ಸಾಮಾಜಿಕ ಪ್ರತಿರೋಧದ ಪಠ್ಯವಾಗಿ ಮುನ್ನೆಲೆಗೆ ಬಂದಿತು. ಕಾವ್ಯದ ಒಂದು ಅಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಓದುಗರು ಕೇಳಿದ ಪ್ರಶ್ನೆ. ವಿನೋದವು ಗಂಭೀರ ವಿಷಯವನ್ನು ಹೊರಲಾರದು ಎಂಬ ತೀರ್ಮಾನ ಎಷ್ಟು ಅವಸರದ್ದೆಂಬುದಕ್ಕೆ ‘ರಾಮಧಾನ್ಯ ಚರಿತೆ’ಯ ಈ ಪಯಣವೇ ಸಾಕ್ಷಿ.

5. ಕಾಡಿನ ಎಳೆ

ಕಾಕನಕೋಟೆಯ ಹೆಸರನ್ನು ಕನ್ನಡ ಸಾಹಿತ್ಯದಲ್ಲಿ ನೆಲೆಗೊಳಿಸಿದ್ದು ಮಾಸ್ತಿ ವೆಂಕಟೇಶ ಅಯ್ಯಂಗಾರರ ನಾಟಕ ‘ಕಾಕನಕೋಟೆ’ (1938). ಕಾಡುಕುರುಬರ ಹಿರಿಯ ಕಾಚ ಅದರ ಕೇಂದ್ರ ವ್ಯಕ್ತಿ. ಹೆಗ್ಗಡದೇವನಕೋಟೆಯ ಅಧಿಕಾರ ಮತ್ತು ಮೈಸೂರಿನ ಅರಸುಮನೆತನಗಳ ನಡುವೆ ಕಾಡಿನ ಜನರ ಬದುಕು ಹೇಗೆ ಸಿಲುಕುತ್ತದೆ ಎಂಬುದು ಅದರ ವಸ್ತು. ಸಿ. ಆರ್. ಸಿಂಹ ಅವರು 1977ರಲ್ಲಿ ಇದನ್ನು ಚಲನಚಿತ್ರವಾಗಿಸಿದರು. ಲೋಕೇಶ್ ಕಾಚನಾಗಿ ಅಭಿನಯಿಸಿದರು, ಸಿ. ಅಶ್ವತ್ಥ್ ಅವರು ಚಲನಚಿತ್ರ ಸಂಗೀತ ನಿರ್ದೇಶಕರಾಗಿ ಪ್ರವೇಶಿಸಿದ್ದು ಈ ಚಿತ್ರದಿಂದ. ಮಾಸ್ತಿಯವರು ಕಾಡಿನವರನ್ನು ಆದರ್ಶೀಕರಿಸಿದ್ದಾರೆಂದು, ಅವರ ನಿಷ್ಠೆಯನ್ನು ಅರಸೊತ್ತಿಗೆಗೆ ಜೋಡಿಸಿದ್ದಾರೆಂದು ಆಕ್ಷೇಪಿಸಲು ಅವಕಾಶವಿದೆ. ಆದರೂ ಒಂದು ಮುಖ್ಯ ಸಂಗತಿಯಲ್ಲಿ ಈ ನಾಟಕ ‘ಒಗ್ಗರಣೆ’ಗೆ ವಿರುದ್ಧ ದಿಕ್ಕಿನಲ್ಲಿದೆ. ಅಲ್ಲಿ ಹಾಡಿಯೇ ಮನೆ. ಅಧಿಕಾರ ಮತ್ತು ಅರಮನೆ ಹೊರಗಿನಿಂದ ಬರುವ ಶಕ್ತಿಗಳು. ಕಾಡಿನವನು ಆತಿಥೇಯ. ಇಲ್ಲಿ ನಗರದ ವಿದ್ಯಾವಂತನ ಮನೆಯೇ ಮನೆ; ಕಾಡಿನವನು ಅತಿಥಿ.

ಈ ಎರಡು ಕೃತಿಗಳ ನಡುವಣ ಎಪ್ಪತ್ತಾರು ವರ್ಷಗಳಲ್ಲಿ ಕಾಡಿನಲ್ಲಿ ನಡೆದದ್ದೇನು ಎಂಬುದನ್ನು ಗಮನಿಸಿದರೆ ಆತಿಥೇಯ ಅತಿಥಿಯಾದ ಕಥೆ ತಿಳಿಯುತ್ತದೆ. ಕಾಕನಕೋಟೆಯ ಕಾಡು ಮೈಸೂರು ಅರಸರ ಖೆಡ್ಡಾಗಳಿಗೆ ಪ್ರಸಿದ್ಧವಾಗಿತ್ತು. ಆನೆಗಳನ್ನು ಅಟ್ಟಿ ತರುವ ಕೆಲಸದಲ್ಲಿ ಕುರುಬರ ಅರಿವೇ ಆಧಾರ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡು ಹಳೆಯ ಕಾಡು ಮತ್ತು ಹಳ್ಳಿಗಳ ಬಹುಭಾಗ ಹಿನ್ನೀರಿನಡಿ ಸೇರಿತು. ನಾಗರಹೊಳೆಯ ಅಭಯಾರಣ್ಯ ರಾಷ್ಟ್ರೀಯ ಉದ್ಯಾನವಾಗಿ, 1999ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಬಂದಿತು. ಕಾಡಿನೊಳಗಿನ ಹಾಡಿಗಳಿಂದ ಹೊರಬಂದ ಅನೇಕ ಕುಟುಂಬಗಳು ಹುಣಸೂರು, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣ ತಾಲ್ಲೂಕುಗಳ ಅಂಚಿನಲ್ಲಿ ನೆಲೆಸಿದವು. ಕೆಲವರು ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳಿಗೆ ಹೋದರು. 2006ರ ಅರಣ್ಯ ಹಕ್ಕು ಕಾಯ್ದೆಯು ಕಿರು ಅರಣ್ಯ ಉತ್ಪನ್ನಗಳ ಮೇಲೆ ಅವರಿಗಿರುವ ಹಕ್ಕನ್ನು ಕಾನೂನಿನಲ್ಲಿ ಮಾನ್ಯ ಮಾಡಿತು.

ಈ ಬದಲಾವಣೆಗಳ ಮೊದಲ ಪೆಟ್ಟು ಬಿದ್ದದ್ದು ಊಟದ ಮೇಲೆ. ಜೇನುಕುರುಬರಿಗೆ ಜೇನು ಕೇವಲ ಸಿಹಿಯಲ್ಲ. ಕುಲದ ಹೆಸರು, ಋತುವಿನ ಲೆಕ್ಕ, ವಿನಿಮಯದ ಹಣ. ಎತ್ತರದ ಮರಗಳಲ್ಲಿ, ಬಂಡೆಯ ಮಗ್ಗುಲಲ್ಲಿ ಕಟ್ಟುವ ಹೆಜ್ಜೇನನ್ನು ರಾತ್ರಿಯ ಕತ್ತಲಲ್ಲಿ ಹೊಗೆ ಹಾಕಿ ಕೊಯ್ಯುವುದು ತಲೆಮಾರುಗಳ ವಿದ್ಯೆ. ನೆಲವನ್ನು ಅಗೆಯುವ ಕೋಲಿನಿಂದ ತೆಗೆಯುವ ಕಾಡುಗೆಣಸುಗಳು, ಮಳೆಗಾಲದ ಕಳಲೆ ಮತ್ತು ಅಣಬೆ, ಹಲವು ಬಗೆಯ ಸೊಪ್ಪು, ನೆಲ್ಲಿ, ಹೊಳೆಯ ಮೀನು ಮತ್ತು ಏಡಿ ಇವು ವರ್ಷದ ಊಟ. ದಶಕಗಳಿಗೊಮ್ಮೆ ಬಿದಿರು ಹೂಬಿಟ್ಟಾಗ ದೊರೆಯುವ ಬಿದಿರಕ್ಕಿ ಒಂದು ತಲೆಮಾರಿನ ನೆನಪಿನಲ್ಲಿ ಉಳಿಯುವ ಸುಗ್ಗಿ. ಕಾಡಿನ ಪ್ರವೇಶ ನಿರ್ಬಂಧಿತವಾದಂತೆ ಈ ಪಟ್ಟಿ ಕುಗ್ಗಿತು. ಪಡಿತರದ ಅಕ್ಕಿ ಅದರ ಜಾಗಕ್ಕೆ ಬಂದಿತು. ಜೇನು ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ನಗರದ ಅಂಗಡಿ ತಲುಪಿತು. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವೆಂದು ಗುರುತಿಸಲಾದ ಎರಡು ಬುಡಕಟ್ಟುಗಳಲ್ಲಿ ಜೇನುಕುರುಬರು ಒಬ್ಬರು, ಕೊರಗರು ಇನ್ನೊಬ್ಬರು. ಹೀಗೆ ಗುರುತಿಸುವಾಗ ಪರಿಗಣಿಸುವ ಸಂಗತಿಗಳಲ್ಲಿ ಕೃಷಿಪೂರ್ವ ಜೀವನಕ್ರಮವೂ ಒಂದು; ಅಂದರೆ ಅವರ ಊಟದ ದಾರಿಯೇ ಸರ್ಕಾರಿ ವರ್ಗೀಕರಣದ ಆಧಾರಗಳಲ್ಲಿ ಸೇರಿದೆ.

ಕಾಡಿನ ಜನರಲ್ಲಿ ಹಾಸ್ಯವಿಲ್ಲವೆಂದೇನೂ ಅಲ್ಲ. ನಾಗರಹೊಳೆಯ ಕೊಡಗಿನ ಮಗ್ಗುಲಲ್ಲಿ, ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ಕುರುಬರು, ಯರವರು ವೇಷ ಕಟ್ಟಿ, ಬೈಗುಳದ ಹಾಡು ಹಾಡುತ್ತ ಅಂಗಡಿ, ಮನೆ, ವಾಹನಗಳ ಮುಂದೆ ಕಾಣಿಕೆ ಎತ್ತುತ್ತಾರೆ. ದೇವರನ್ನೂ ಧಣಿಯನ್ನೂ ಒಟ್ಟಿಗೆ ಬೈಯುವ ಈ ನಗೆ ಬೆಚ್ಚನೆಯ ಕೌಟುಂಬಿಕ ಹಾಸ್ಯಕ್ಕೆ ಅಪರಿಚಿತವಾದ ನಗೆ. ಅಂಥ ಪರಂಪರೆಯ ಹಿರಿಯನೊಬ್ಬ ನಗರದ ಮನೆಗೆ ಬಂದಾಗ ಅವನು ಮೌನದ, ಕರುಣೆಯ ಪಾತ್ರವೇ ಆಗಬೇಕಿಲ್ಲ.

6. ಮರುಓದು

ಈಗ ಚಿತ್ರದ ರಚನೆಗೆ ಮರಳಬಹುದು. ‘ಒಗ್ಗರಣೆ’ಯ ಪ್ರೇಮಕಥೆಯಲ್ಲಿ ಮುಖ್ಯ ತಿರುವುಗಳೆಲ್ಲ ಒಂದೊಂದು ತಿನಿಸಿಗೆ ಅಂಟಿಕೊಂಡಿವೆ. ದೋಸೆಯಿಂದ ಪರಿಚಯ, ಭಕ್ಷ್ಯದಿಂದ ಅಡುಗೆಯವನ ಆಗಮನ, ಪಾಕದ ಮಾತಿನಿಂದ ಆಪ್ತತೆ. ಆಹಾರವೇ ಇಲ್ಲಿ ಕಥೆಯ ವ್ಯಾಕರಣ. ಆದಿವಾಸಿ ಹಿರಿಯನ ಎಳೆ ಮಾತ್ರ ಈ ವ್ಯಾಕರಣಕ್ಕೆ ಹೊರಗೆ ಉಳಿದಿದೆ. ಅದು ಚಲಿಸುವುದು ಅಪಾಯ, ರಕ್ಷಣೆ, ನಾಯಕನ ಸಜ್ಜನಿಕೆ ಎಂಬ ಬೇರೆ ಬಗೆಯ ಚಿತ್ರದ ನಿಯಮಗಳಿಂದ. ಎಲ್ಲರಿಗೂ ಒಂದೊಂದು ರುಚಿಯ ಮೂಲಕ ವ್ಯಕ್ತಿತ್ವ ದೊರೆತ ಮನೆಯಲ್ಲಿ ಅವನಿಗೆ ಅದು ಆ ಪ್ರಮಾಣದಲ್ಲಿ ದೊರೆಯುವುದಿಲ್ಲ. ಅವನ ಜೇನು, ಅವನ ಗೆಣಸು, ಅವನ ಕಳಲೆ ಕಥೆಯನ್ನು ತಿರುಗಿಸುವುದಿಲ್ಲ.

ವಿಮರ್ಶಕರಿಗೆ ಅನ್ನಿಸಿದ ಸಡಿಲತೆಯ ಕಾರಣ ಇದು. ಎಳೆ ಗಂಭೀರವಾಗಿದ್ದುದರಿಂದ ಹೊಂದಲಿಲ್ಲವೆಂಬ ವಿವರಣೆಗಿಂತ, ಅದನ್ನು ಅಡುಗೆಮನೆಯೊಳಕ್ಕೆ ಬಿಟ್ಟುಕೊಳ್ಳದಿದ್ದುದರಿಂದ ಹೊಂದಲಿಲ್ಲವೆಂಬ ವಿವರಣೆ ಚಿತ್ರದ ಸ್ವರೂಪಕ್ಕೆ ಹೆಚ್ಚು ಒಪ್ಪುತ್ತದೆ. ತಿಂಡಿಪ್ರಿಯನೂ ಪುರಾತತ್ತ್ವಜ್ಞನೂ ಆದ ನಾಯಕನಿಗೆ ಕನ್ನಡ ನಾಡಿನ ಅತಿ ಹಳೆಯ ಆಹಾರಕ್ರಮಗಳಲ್ಲೊಂದು ತನ್ನ ಮನೆಯ ಜಗಲಿಯಲ್ಲಿಯೇ ಕೂತಿರುವುದು ಹೊಳೆದಿದ್ದರೆ ಎರಡು ಎಳೆಗಳೂ ಒಂದೇ ಒಲೆಗೆ ಸೇರುತ್ತಿದ್ದವು. ವಿಮರ್ಶೆ ಇದನ್ನು ಕೇಳಬಹುದಿತ್ತು. ಎಳೆಯನ್ನು ಕತ್ತರಿಸಿ ತೆಗೆಯಿರಿ ಎಂದು ಸೂಚಿಸಿದಾಗ ಅದು ತನಗರಿವಿಲ್ಲದೆ ಒಪ್ಪಿಕೊಂಡದ್ದು ಇಷ್ಟು: ಬೆಚ್ಚನೆಯ ಮನೆ ಬೆಚ್ಚಗಿರಬೇಕಾದರೆ ಕಾಡಿನವನು ಪಂಕ್ತಿಯಿಂದ ಏಳಬೇಕು.

ಇಲ್ಲಿ ಚಿತ್ರದ ಪರವಾಗಿಯೂ ಒಂದು ಮಾತು ಹೇಳಬೇಕು. ಮೂಲದಿಂದ ಬಂದ ಎಳೆಯಾದರೂ ಅದನ್ನು ಮೂರು ಭಾಷೆಗಳಲ್ಲಿಯೂ ಉಳಿಸಿಕೊಂಡದ್ದು ಆಯ್ಕೆಯೇ. ಅನುಕೂಲದ ದಾರಿ ಅದನ್ನು ಬಿಡುವುದಾಗಿತ್ತು. ನಗರದ ಊಟದ ಸುಖವನ್ನು ಕೊಂಡಾಡುವ ಕಥೆಯಲ್ಲಿ ಕಾಡಿನ ನೆರಳೊಂದು ಬೀಳಬೇಕೆಂಬ ಅರಿವು ಅಲ್ಲಿದೆ. ಆ ಅರಿವಿಗೆ ತಕ್ಕ ರೂಪ ದೊರೆಯಲಿಲ್ಲ. ವಿಫಲವಾದ ಒಂದು ಸದುದ್ದೇಶವನ್ನೂ ನಿರುದ್ದೇಶವಾದ ಅಲಂಕಾರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿಮರ್ಶೆಗೆ ತರವಲ್ಲ.

ಉಪಸಂಹಾರ

ಕಲ್ಲಹಳ್ಳಿಯ ಮಂಗರಸನ ಪಾಕಶಾಸ್ತ್ರ, ಕನಕದಾಸನ ಧಾನ್ಯವಾದ, ಮಾಸ್ತಿಯವರ ಕಾಡಿನ ನಾಟಕ, ಪ್ರಕಾಶ್ ರೈ ಅವರ ಹಾಸ್ಯಚಿತ್ರ ಇವು ಕಾಲ, ಪ್ರಕಾರ, ಉದ್ದೇಶಗಳಲ್ಲಿ ಬೇರೆ ಬೇರೆ. ಒಟ್ಟಿಗಿಟ್ಟಾಗ ಅವು ಒಂದು ನೆಲದ ಆಹಾರಕ್ರಮದ ಮೆಟ್ಟಿಲುಗಳನ್ನು ತೋರಿಸುತ್ತವೆ: ಪ್ರಭುವಿನ ಭಕ್ಷ್ಯ, ಒಕ್ಕಲಿನ ಮುದ್ದೆ, ಕಾಡಿನ ಗೆಣಸು, ನಗರದ ದೋಸೆ. ಒಂದು ಮೆಟ್ಟಿಲಿನ ಮೇಲೆ ನಿಂತು ನಗುವ ನಗೆಗೆ ಉಳಿದ ಮೆಟ್ಟಿಲುಗಳ ಅರಿವಿದ್ದರೆ ಅದು ಹೆಚ್ಚು ಕಾಲ ಬಾಳುತ್ತದೆ ಎಂಬುದಕ್ಕೆ ‘ರಾಮಧಾನ್ಯ ಚರಿತೆ’ ನಿದರ್ಶನ.

ಆಹಾರಕೇಂದ್ರಿತ ಕೃತಿಗಳ ಅಧ್ಯಯನದಲ್ಲಿ ಮುಂದೆ ಆಗಬೇಕಾದ ಕೆಲಸ ಸಾಕಷ್ಟಿದೆ. ಕನ್ನಡ ಚಿತ್ರಗಳಲ್ಲಿ ಬರುವ ಊಟದ ದೃಶ್ಯಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಯಾವ ಧಾನ್ಯ ಯಾವ ಪಾತ್ರದ ತಟ್ಟೆಯಲ್ಲಿದೆ, ಯಾರು ಕೂತು ಉಣ್ಣುತ್ತಾರೆ, ಯಾರು ನಿಂತು ಬಡಿಸುತ್ತಾರೆ, ಯಾರ ಊಟ ತೆರೆಗೆ ಬರುವುದೇ ಇಲ್ಲ ಎಂಬುದನ್ನು ಕ್ರಮವಾಗಿ ದಾಖಲಿಸಬೇಕು. ಹೆಗ್ಗಡದೇವನಕೋಟೆ ಮತ್ತು ಹುಣಸೂರಿನ ಹಾಡಿಗಳಲ್ಲಿ ಹಿರಿಯರ ಬಾಯಲ್ಲಿ ಇನ್ನೂ ಉಳಿದಿರುವ ಗೆಣಸಿನ, ಸೊಪ್ಪಿನ, ಜೇನಿನ ಹೆಸರುಗಳನ್ನು ಅವರ ನುಡಿಯಲ್ಲಿಯೇ ಸಂಗ್ರಹಿಸುವುದು ಅದಕ್ಕಿಂತ ತುರ್ತಿನ ಕೆಲಸ. ಮಂಗರಸನ ಒಲೆಗೆ ಷಟ್ಪದಿ ಸಿಕ್ಕಿತು, ಅದು ಐನೂರು ವರ್ಷ ಉಳಿಯಿತು. ಕಾಡಿನ ಒಲೆಗೆ ಬರೆದಿಟ್ಟ ಪುಸ್ತಕವಿಲ್ಲ. ಅದನ್ನು ಬಲ್ಲವರು ಇರುವವರೆಗೆ ಮಾತ್ರ ಅದು ಉರಿಯುತ್ತದೆ.